ದೀಪವಿಲ್ಲದ ದಾರಿಯನ್ನು ದಾಟುವಾಗ

ಹಳೇಬೀಡು ಎಂದೊಡನೆ ನಮ್ಮ ನಾಡಿನವರ ಕಣ್ಣಮುಂದೆ ನಿಲ್ಲುವುದು ಹೊಯ್ಸಳೇಶ್ವರನ ಗುಡಿ. ವಿಷ್ಣುವರ್ಧನನ ಕಾಲದಲ್ಲಿ, 1121ರ ಸುಮಾರಿಗೆ ಎದ್ದ ಈ ಜೋಡಿ ಗರ್ಭಗುಡಿಗಳಲ್ಲಿ ಒಂದೆಡೆ ಹೊಯ್ಸಳೇಶ್ವರ, ಮತ್ತೊಂದೆಡೆ ಶಾಂತಲೇಶ್ವರ, ಎರಡೂ ಲಿಂಗಗಳೇ. ಗೋಡೆಯ ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹಗಳ ಸಾಲು, ಬಳ್ಳಿಗಳು, ಕುದುರೆಗಳು. 2023ರ ಸೆಪ್ಟೆಂಬರ್ ತಿಂಗಳಲ್ಲಿ ಬೇಲೂರು ಮತ್ತು ಸೋಮನಾಥಪುರದ ಗುಡಿಗಳೊಡನೆ ಇದಕ್ಕೂ ವಿಶ್ವಪರಂಪರೆಯ ಪಟ್ಟಿಯಲ್ಲಿ ಸ್ಥಾನ ದೊರೆತಾಗ ಜಿಲ್ಲೆಯ ಜನರೆಲ್ಲ ಹೆಮ್ಮೆಪಟ್ಟರು. ಹೆಮ್ಮೆಪಡತಕ್ಕದ್ದೇ. ಆದರೆ ನಾವು ಇಲ್ಲಿ ಬರೆಯಹೊರಟಿರುವುದು ಗುಡಿಯನ್ನು ಕುರಿತಲ್ಲ. ಗುಡಿಯ ಮುಂದಿನ ರಸ್ತೆಯನ್ನು ಕುರಿತು. ಬಸ್ಸಿನಿಂದಿಳಿದ ಯಾತ್ರಿಕನು ಗುಡಿಯ ಹೊರಬಾಗಿಲನ್ನು ಮುಟ್ಟುವ ಮುನ್ನ ನಡೆಯಬೇಕಾದ ಆ ಕೆಲವೇ ಹೆಜ್ಜೆಗಳನ್ನು ಕುರಿತು.

ನಮ್ಮ ಶರಣರು ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದು ಬಗೆದವರು. ಇಂದು ಹಳೇಬೀಡಿನಲ್ಲಿ ಸ್ಥಾವರಕ್ಕೆ ಬೇಲಿಯಿದೆ, ಕಾವಲಿದೆ, ಹಸಿರು ಹಾಸಿದೆ, ಜಗತ್ತಿನ ಮನ್ನಣೆಯಿದೆ. ಅದನ್ನು ನೋಡಲು ನಡೆದು ಬರುವ ಜಂಗಮಕ್ಕೆ, ಎಂದರೆ ಕೈಯಲ್ಲಿ ಮಗುವನ್ನು ಹಿಡಿದ ತಾಯಿಗೆ, ಮೊಣಕಾಲು ನೋವಿನ ಹಿರಿಯರಿಗೆ, ಗುಂಪಿನಲ್ಲಿ ಹಿಂದೆ ಬಿದ್ದ ಶಾಲೆಯ ಹುಡುಗನಿಗೆ, ರಸ್ತೆಯನ್ನು ದಾಟುವ ಘಳಿಗೆಯಲ್ಲಿ ಏನಿದೆ ಎಂದು ಕೇಳಿದರೆ ಉತ್ತರ ಸುಲಭವಲ್ಲ. ಸಂಚಾರ ದೀಪಗಳು ನಮ್ಮ ಊರುಗಳಿಗೆ ಬಂದಿಲ್ಲ. ಬರಬೇಕೆಂದು ನಾವು ಹೇಳುವುದೂ ಇಲ್ಲ. ದೀಪವಿಲ್ಲದ ಕಡೆ ಮನುಷ್ಯನು ಹೇಗೆ ದಾಟಬೇಕು, ವಾಹನವು ಹೇಗೆ ಬರಬೇಕು ಎಂಬುದನ್ನು ನಾವು ಎಂದಾದರೂ ಮನೆಗಳಲ್ಲಿ ಕುಳಿತು ಮಾತನಾಡಿದ್ದೇವೆಯೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಹಳೇಬೀಡನ್ನು ಹಾದುಹೋಗುವುದು ಊರಿನ ಬೀದಿಯಲ್ಲ. ಮಂಗಳೂರಿನಿಂದ ಹೊರಟು ಬೆಳ್ತಂಗಡಿ, ಚಾರ್ಮಾಡಿ ಘಟ್ಟ, ಮೂಡಿಗೆರೆ, ಬೇಲೂರು, ಹಳೇಬೀಡು, ಜಾವಗಲ್ಲು, ಬಾಣಾವರ, ಅರಸೀಕೆರೆ, ತಿಪಟೂರುಗಳ ಮೂಲಕ ತುಮಕೂರನ್ನು ಸೇರುವ 73ನೆಯ ರಾಷ್ಟ್ರೀಯ ಹೆದ್ದಾರಿ ಅದು. ಕರಾವಳಿಯಿಂದ ಬರುವ ಸರಕಿನ ಲಾರಿ, ತೆಂಗಿನಕಾಯಿ ತುಂಬಿದ ಟೆಂಪೋ, ಮೂರು ದಿನದಲ್ಲಿ ಹತ್ತು ಊರು ನೋಡಿ ಮುಗಿಸಬೇಕೆಂದು ಹೊರಟ ಪ್ರವಾಸಿಗರ ಕಾರು, ಇವೆಲ್ಲವೂ ಬರುವುದು ಅದೇ ದಾರಿಯಲ್ಲಿ. ಊರವರಿಗೆ ಮಾತ್ರ ಅದು ಇಂದಿಗೂ ಊರಿನ ಬೀದಿಯೇ. ಎಳನೀರಿನ ಗಾಡಿಯವನು ಅದರ ಅಂಚಿನಲ್ಲಿಯೇ ನಿಲ್ಲುತ್ತಾನೆ. ಹಾಲು ಹಾಕಿ ಬರುವ ಹೆಂಗಸು ಕ್ಯಾನನ್ನು ಸೊಂಟಕ್ಕಿಟ್ಟುಕೊಂಡು ಅದನ್ನೇ ದಾಟುತ್ತಾಳೆ. ಚಾಲಕನು ಹೆದ್ದಾರಿಯೆಂದು ತಿಳಿದು ಬರುತ್ತಾನೆ, ನಡೆಯುವವನು ಬೀದಿಯೆಂದು ತಿಳಿದು ಇಳಿಯುತ್ತಾನೆ. ಇಬ್ಬರ ತಿಳಿವಳಿಕೆಯ ನಡುವಿನ ಅಂತರದಲ್ಲಿಯೇ ಅಪಾಯ ಹುಟ್ಟುತ್ತದೆ ಎಂಬುದು ನಮ್ಮ ಅನಿಸಿಕೆ. ಅರಸೀಕೆರೆಯ ಬಿ.ಎಚ್. ರಸ್ತೆಯ ಕಥೆಯೂ ಬೇರೆಯಲ್ಲ. ಬೆಂಗಳೂರು–ಹೊನ್ನಾವರ ರಸ್ತೆ ಎಂಬ ದೊಡ್ಡ ಹೆಸರು ಅದಕ್ಕೆ. ಆದರೆ ರೈಲು ನಿಲ್ದಾಣದಿಂದ ಸಂತೆಗೆ, ಸಂತೆಯಿಂದ ಬಸ್ಸಿಗೆ ನಡೆಯುವವರಿಗೆ ಅದು ಕೇವಲ ದಾಟಬೇಕಾದ ಒಂದು ತೊರೆ.

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಲೆಕ್ಕವೆಂದರೆ ನಮ್ಮ ಹೆಣ್ಣುಮಕ್ಕಳು ಬೇಸರಪಡುವರೆಂಬ ಮಾತು ಸುಳ್ಳು. ಮನೆಯ ಲೆಕ್ಕವನ್ನೆಲ್ಲ ನಡೆಸುವವರು ಅವರೇ. ಎರಡು ಸಾಲು ವಾಹನಗಳು ಓಡುವ ಸಾಧಾರಣ ರಸ್ತೆಯ ಅಗಲ ಏಳು ಮೀಟರು. ವಯಸ್ಸಾದವರು ಒಂದು ಸೆಕೆಂಡಿಗೆ ಒಂದು ಮೀಟರಿಗಿಂತ ಕಡಿಮೆಯೇ ನಡೆಯುತ್ತಾರೆ. ಆದ್ದರಿಂದ ಆಚೆಯ ಅಂಚನ್ನು ಸೇರಲು ಎಂಟೊಂಬತ್ತು ಸೆಕೆಂಡುಗಳು ಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ ಹದಿನಾರು ಮೀಟರಿಗೂ ಹೆಚ್ಚು ಓಡುತ್ತದೆ. ಒಂಬತ್ತು ಸೆಕೆಂಡಿಗೆ ಸುಮಾರು 150 ಮೀಟರು. ಎಂದರೆ ನಮ್ಮ ಅಜ್ಜಿಯೊಬ್ಬರು ರಸ್ತೆಗೆ ಕಾಲಿಡುವಾಗ ಮೂರು-ನಾಲ್ಕು ವಿದ್ಯುತ್ ಕಂಬಗಳ ಆಚೆ ಚುಕ್ಕಿಯಂತೆ ಕಾಣುವ ವಾಹನವು, ಅವರು ಈ ಬದಿಯನ್ನು ಮುಟ್ಟುವುದರೊಳಗೆ ಅವರ ಸೆರಗಿನ ಬಳಿ ಇರುತ್ತದೆ. "ಇನ್ನೂ ದೂರ ಇದೆ" ಎಂದು ಅವರು ಅಂದುಕೊಳ್ಳುವುದು ಎತ್ತಿನ ಗಾಡಿಯ ಕಾಲದಲ್ಲಿ ಕಲಿತ ಅಳತೆಯಿಂದ. ಕಣ್ಣು ಸುಳ್ಳು ಹೇಳುತ್ತಿಲ್ಲ, ಅಳತೆಗೋಲು ಹಳೆಯದು.

ಚಾಲಕನ ಕಡೆಯ ಲೆಕ್ಕವೂ ಇದೆ. ಎದುರಿಗೆ ಮನುಷ್ಯನನ್ನು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಸುಮಾರು ಒಂದು ಸೆಕೆಂಡು ಕಳೆದಿರುತ್ತದೆ. ಒಣ ರಸ್ತೆಯಲ್ಲಿ, ಒಳ್ಳೆಯ ಟೈರಿನ ಕಾರು 60 ಕಿ.ಮೀ. ವೇಗದಿಂದ ಪೂರಾ ನಿಲ್ಲಲು ಒಟ್ಟು 35 ಮೀಟರಿಗೂ ಮಿಕ್ಕ ದೂರ ಬೇಕು. ಅದೇ 30 ಕಿ.ಮೀ. ವೇಗವಾದರೆ ಹದಿಮೂರು ಹದಿನಾಲ್ಕು ಮೀಟರು ಸಾಕು. ವೇಗ ಇಮ್ಮಡಿಯಾದರೆ ದೂರ ಇಮ್ಮಡಿಗಿಂತ ಬಹಳ ಹೆಚ್ಚುತ್ತದೆ ಎಂಬುದನ್ನು ಗಮನಿಸಬೇಕು. ಮಲೆನಾಡಿನ ಅಂಚಿನ ಜಡಿಮಳೆ, ಸವೆದ ಟೈರು, ಹೊತ್ತ ಭಾರ ಇವು ಸೇರಿದರೆ ಈ ಅಂಕಿಗಳೆಲ್ಲ ಇನ್ನೂ ಹಿಗ್ಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು ಹೇಳುವಂತೆ, ಕಾರಿನ ಮುಂಭಾಗ ಬಡಿದ ಪಾದಚಾರಿಯು ಸಾಯುವ ಸಂಭವವು ವೇಗ 50ರಿಂದ 65 ಕಿ.ಮೀ.ಗೆ ಏರಿದರೆ ನಾಲ್ಕೂವರೆ ಪಟ್ಟಾಗುತ್ತದೆ. ಚಾಲಕನಿಗೆ ಆ ಹದಿನೈದು ಕಿಲೋಮೀಟರ್ ಬೇಲೂರಿನಿಂದ ಹಳೇಬೀಡಿಗೆ ಬರುವುದರಲ್ಲಿ ಕೆಲವು ನಿಮಿಷಗಳ ಉಳಿತಾಯ, ಅಷ್ಟೇ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ ಎಂದು ಕೇಂದ್ರ ಸರ್ಕಾರದ ವರದಿಯು ಹೇಳಿತು. ಅವರಲ್ಲಿ 32,825 ಮಂದಿ ಯಾವ ವಾಹನವನ್ನೂ ಏರಿದವರಲ್ಲ, ಸುಮ್ಮನೆ ನಡೆಯುತ್ತಿದ್ದವರು. ದಿನಕ್ಕೆ ತೊಂಬತ್ತರ ಸರಾಸರಿ. ಒಂದು ಬಸ್ಸಿನಲ್ಲಿ ಕೂರಿಸಿದರೆ ಜಾಗ ಸಾಲದಷ್ಟು ಜನ, ಪ್ರತಿದಿನ. ಒಂದು ಬಸ್ಸು ಕಣಿವೆಗೆ ಬಿದ್ದರೆ ಪತ್ರಿಕೆಯ ಮುಖಪುಟ ತುಂಬುತ್ತದೆ; ಒಬ್ಬೊಬ್ಬರಾಗಿ ಸತ್ತವರಿಗೆ ಒಳಪುಟದ ನಾಲ್ಕು ಸಾಲು.

ನಮ್ಮ ದೊಡ್ಡಮ್ಮನವರಿಗೆ ಆ ನಾಲ್ಕು ಸಾಲೂ ಸಿಗಲಿಲ್ಲ, ಏಕೆಂದರೆ ಅವರು ಅಂದೇ ಸಾಯಲಿಲ್ಲ. ಜಾವಗಲ್ಲಿನ ಕಡೆಯ ನಮ್ಮ ಬಂಧುಗಳ ಊರು ಹೆದ್ದಾರಿಯಿಂದ ಒಂದು ಮೈಲಿ ಒಳಗಿದೆ. ಬಸ್ಸು ಊರೊಳಗೆ ಬರುವುದಿಲ್ಲ. ಹೆದ್ದಾರಿಯಲ್ಲಿ ಊರಿನ ದಾರಿ ಕವಲೊಡೆಯುವಲ್ಲಿ ನಿಲ್ಲುತ್ತದೆ. ಅದಕ್ಕೆ ಎಲ್ಲರೂ ಗೇಟು ಎನ್ನುತ್ತಾರೆ. ಗೇಟೇನೂ ಇಲ್ಲ, ಒಂದು ನಾಮಫಲಕ, ಒಂದು ಗೂಡಂಗಡಿ, ಒಂದು ಹೊಂಗೆಯ ಮರ. ಕಾರ್ತಿಕದ ಒಂದು ಸೋಮವಾರ ದೊಡ್ಡಮ್ಮನವರು ಪುಷ್ಪಗಿರಿಗೆ ಹೋಗಿ, ಮಲ್ಲಿಕಾರ್ಜುನನ ದರ್ಶನ ಮಾಡಿಕೊಂಡು, ಮಠದಲ್ಲಿ ಪ್ರಸಾದ ಮುಗಿಸಿ ಸಂಜೆ ಬಸ್ಸಿನಲ್ಲಿ ಹಿಂದಿರುಗಿದರು. ಗೇಟಿನಲ್ಲಿ ಇಳಿದರು. ಮನೆಯ ದಾರಿ ಎದುರು ಬದಿಯಲ್ಲಿ. ಬಸ್ಸು ನಿಂತಿದೆ, ಕಂಡಕ್ಟರು ಇನ್ನೂ ಯಾರದೋ ಮೂಟೆಯನ್ನು ಇಳಿಸುತ್ತಿದ್ದಾನೆ. ಅವರು ಬಸ್ಸಿನ ಮುಂಭಾಗವನ್ನು ಬಳಸಿಕೊಂಡು ದಾಟಲು ಹೊರಟರು. ನಿಂತ ಬಸ್ಸನ್ನು ಬಲಗಡೆಯಿಂದ ಹಿಂದಿಕ್ಕಿ ಬಂದ ಬೈಕು ಅವರಿಗೆ ಬಡಿಯಿತು. ಬೈಕಿನವನಿಗೆ ಅವರು ಕಾಣುವಂತಿರಲಿಲ್ಲ, ಅವರಿಗೆ ಬೈಕು ಕಾಣುವಂತಿರಲಿಲ್ಲ. ನಡುವೆ ಬಸ್ಸೆಂಬ ಗೋಡೆ.

ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾಯಿತು, ಮನೆಗೆ ಬಂದರು, ಆದರೆ ಮತ್ತೆ ನಡೆಯಲಿಲ್ಲ. ಹದಿನಾಲ್ಕು ತಿಂಗಳು ಹಾಸಿಗೆಯ ಮೇಲೆಯೇ ಕಳೆದರು. ಬೆಳಗ್ಗೆ ಸ್ನಾನ ಮಾಡದೆ ನೀರನ್ನೂ ಮುಟ್ಟದಿದ್ದವರು, ಸೊಸೆಯು ಒದ್ದೆ ಬಟ್ಟೆಯಲ್ಲಿ ಮೈಯೊರೆಸಿ, ವಿಭೂತಿ ಹಚ್ಚಿ, ದಿಂಬಿಗೆ ಒರಗಿಸಿ ಕೂರಿಸಿದ ಮೇಲೆ ಎಡಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಪೂಜಿಸುತ್ತಿದ್ದರು. ನಾವು ನೋಡಲು ಹೋದಾಗ ಒಮ್ಮೆ ಹೇಳಿದರು: "ಬಸ್ಸು ನಿಂತಿತ್ತಲ್ಲ ಕಂದ, ಎಲ್ಲಾನೂ ನಿಂತೈತೆ ಅಂದ್ಕಂಡೆ." ಅವರ ತಪ್ಪನ್ನು ಅವರು ಒಪ್ಪಿಕೊಂಡಂತೆ ಆ ಮಾತು ಮನೆಯವರಿಗೆ ಕೇಳಿಸಿತು. ನಮಗೆ ಹಾಗೆ ಕೇಳಿಸಲಿಲ್ಲ. ಬಸ್ಸು ನಿಂತಲ್ಲಿ ಎಲ್ಲವೂ ನಿಲ್ಲಬೇಕೆಂದು ನಂಬುವುದರಲ್ಲಿ ಏನು ತಪ್ಪಿದೆ? ಶಾಲಾ ಬಸ್ಸು ನಿಂತು ಕೆಂಪು ದೀಪ ಮಿನುಗಿಸಿದರೆ ಹಿಂದಿನ ವಾಹನಗಳೂ ಎದುರಿನ ವಾಹನಗಳೂ ನಿಲ್ಲಬೇಕೆಂಬ ಕಾನೂನು ಅಮೆರಿಕದಲ್ಲಿದೆ. ದೊಡ್ಡಮ್ಮನವರು ಅಮೆರಿಕವನ್ನು ಕಂಡವರಲ್ಲ. ಮನುಷ್ಯ ಸಹಜವಾದ ನಿರೀಕ್ಷೆಯಿಂದ ಹಾಗೆ ತಿಳಿದರು.

ಬೈಕಿನ ಹುಡುಗನಿಗೆ ಹತ್ತೊಂಬತ್ತು ವರ್ಷ. ಮಾರನೆಯ ದಿನ ತಂದೆಯೊಡನೆ ಆಸ್ಪತ್ರೆಗೆ ಬಂದು, ಕಾಲಬಳಿ ನಿಂತು, ಒಂದು ಮಾತೂ ಆಡದೆ ಅತ್ತನು. ಅವನ ಹಣೆಯ ಮೇಲೂ ವಿಭೂತಿಯಿತ್ತು. ಪಕ್ಕದ ಹೋಬಳಿಯ ನಮ್ಮವರೇ. ಇದನ್ನು ಬರೆಯುವುದಕ್ಕೆ ಕಾರಣವಿದೆ. ಅಪಘಾತವೆಂದರೆ ಯಾರೋ ದೂರದ ಲಾರಿಯವನು, ಯಾರೋ ಕುಡಿದ ಪರಸ್ಥಳದವನು ಮಾಡುವ ಕೆಲಸವೆಂದು ನಾವು ಭಾವಿಸಿಕೊಂಡು ಬಂದಿದ್ದೇವೆ. ರಸ್ತೆಯ ಅಂಚಿನಲ್ಲಿ ನಿಂತ ಅಜ್ಜಿಯೂ ನಮ್ಮ ಮನೆಯವರೇ, ವಾಹನದ ಮೇಲೆ ಕುಳಿತ ಹುಡುಗನೂ ನಮ್ಮ ಮನೆಯವನೇ ಆಗಿರುವ ಕಾಲ ಇದು. ಹುಡುಗನಿಗೆ ಬೈಕು ಕೊಡಿಸುವ ದಿನ ನಿಂಬೆಹಣ್ಣನ್ನು ಚಕ್ರದ ಕೆಳಗಿಟ್ಟು ಪೂಜೆ ಮಾಡಿಸುವ ತಂದೆಯು, ನಿಂತ ಬಸ್ಸಿನ ಮಗ್ಗುಲಲ್ಲಿ ಹೋಗುವಾಗ ವೇಗವನ್ನು ಹತ್ತಕ್ಕೆ ಇಳಿಸು, ಮುಂದಿನಿಂದ ಯಾರಾದರೂ ಬಂದೇ ಬರುತ್ತಾರೆಂದು ತಿಳಿ ಎಂಬ ಒಂದು ಮಾತನ್ನು ಹೇಳಿದರೆ ಆ ಪೂಜೆಗೆ ಇನ್ನಷ್ಟು ಬಲ ಬಂದೀತು.

ಊರಿನಲ್ಲಿ ಕೇಳಿಬಂದ ಮಾತು ಬೇರೆಯೇ ಆಗಿತ್ತು. "ವಯಸ್ಸಾದವರು ಒಬ್ಬರೇ ಯಾಕೆ ಹೋಗಬೇಕಿತ್ತು?" ಎಂದವರು ಬಹಳ ಮಂದಿ. ಈ ಮಾತನ್ನು ನಾವು ಖಂಡಿಸುತ್ತೇವೆ. ಅರವತ್ತೆಂಟು ವರ್ಷದ ಹೆಣ್ಣುಮಗಳೊಬ್ಬಳು ಕಾರ್ತಿಕ ಸೋಮವಾರ ಗುರುದರ್ಶನಕ್ಕೆ ಹೋಗಿಬರುವುದು ಅಪರಾಧವೇ? ನಡೆಯುವವನದೇ ತಪ್ಪೆಂಬ ಈ ಯೋಚನೆಗೆ ಒಂದು ಚರಿತ್ರೆಯೂ ಇದೆ. 1896ರ ಆಗಸ್ಟಿನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಗೃಹಿಣಿಯು ಕಾರಿಗೆ ಸಿಕ್ಕು ಸತ್ತಾಗ ಬ್ರಿಟನ್ನಿನ ಜನರು ಬೆರಗಾದರು. ಅಲ್ಲಿ ಹಾಗೆ ಸತ್ತ ಮೊದಲ ಪಾದಚಾರಿ ಆಕೆ. ಆಗ ರಸ್ತೆ ನಡೆಯುವವರದು, ವಾಹನವೇ ಹೊಸದಾಗಿ ಬಂದ ಅತಿಥಿ. ಮುಂದೆ 1920ರ ದಶಕದಲ್ಲಿ ಅಮೆರಿಕದ ಮೋಟಾರು ಉದ್ಯಮದವರು, ಎಲ್ಲೆಂದರಲ್ಲಿ ರಸ್ತೆ ದಾಟುವವನನ್ನು ಹಳ್ಳಿಗಮಾರನೆಂದು ಹಂಗಿಸುವ 'ಜೇವಾಕರ್' ಎಂಬ ಶಬ್ದವನ್ನು ಪ್ರಚಾರಕ್ಕೆ ತಂದರು. ಅತಿಥಿಯು ಮನೆಯೊಡೆಯನಾದದ್ದು ಹೀಗೆ. ನಾವು ಹಳ್ಳಿಯವರು, ಹಳ್ಳಿಯವರನ್ನೇ ದೂರುವ ಆ ಬೈಗುಳವನ್ನು ಎರವಲು ತಂದು ನಮ್ಮ ಅಜ್ಜಿಯರ ಮೇಲೆ ಹೊರಿಸುವುದು ಬೇಡ.

ನಮ್ಮ ಕಾನೂನು ಏನು ಹೇಳುತ್ತದೆ ಎಂಬುದನ್ನು ವಾಹನ ಓಡಿಸುವ ನೂರು ಮಂದಿಯಲ್ಲಿ ಎಷ್ಟು ಮಂದಿ ಬಲ್ಲರೋ! 2017ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ವಾಹನ ಚಾಲನಾ ನಿಯಮಾವಳಿಯ ಪ್ರಕಾರ, ದೀಪವಾಗಲಿ ಪೊಲೀಸರಾಗಲಿ ಇಲ್ಲದ ಪಾದಚಾರಿ ದಾಟುಪಟ್ಟೆಯನ್ನು ಸಮೀಪಿಸುವ ಚಾಲಕನು ವೇಗವನ್ನು ತಗ್ಗಿಸಿ, ನಿಂತು, ನಡೆಯುವವರಿಗೆ ದಾರಿ ಕೊಡತಕ್ಕದ್ದು. ಕೈಯಾಡಿಸಿ "ಬೇಗ ಬೇಗ" ಎನ್ನುವುದಲ್ಲ, ಹಾರನ್ನು ಬಾರಿಸಿ ಹೆದರಿಸುವುದಲ್ಲ; ನಿಲ್ಲತಕ್ಕದ್ದು. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಲುದಾರಿಯನ್ನು ಬಳಸುವ ಹಕ್ಕು ಸಂವಿಧಾನದ 21ನೆಯ ವಿಧಿ ಕೊಡುವ ಜೀವಿಸುವ ಹಕ್ಕಿನೊಳಗೇ ಸೇರಿದೆ ಎಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾಲುದಾರಿ ಮತ್ತು ದಾಟುಪಟ್ಟೆಗಳ ಸ್ಥಿತಿಯನ್ನು ಪರಿಶೀಲಿಸಬೇಕೆಂದೂ, ಪಾದಚಾರಿಗಳ ವಿಷಯದಲ್ಲಿ ರಾಜ್ಯಗಳು ಆರು ತಿಂಗಳೊಳಗೆ ನಿಯಮಗಳನ್ನು ರಚಿಸಬೇಕೆಂದೂ ಆದೇಶಿಸಿತು. ದೆಹಲಿಯ ಆದೇಶವು ಜಾವಗಲ್ಲಿನ ಗೇಟಿನವರೆಗೆ ನಡೆದು ಬರಲು ಕಾಲ ಹಿಡಿಯುತ್ತದೆ. ಅದೂ ಪಾದಚಾರಿಯೇ ತಾನೆ.

ಬಿಳಿ ಪಟ್ಟೆಗಳ ದಾಟುದಾರಿ ಬಹಳ ಹಳೆಯದೇನಲ್ಲ. 1951ರಲ್ಲಿ ಇಂಗ್ಲೆಂಡಿನ ಸ್ಲೌ ಎಂಬ ಊರಿನಲ್ಲಿ ಮೊದಲನೆಯದನ್ನು ಬಳಿದರು. ಜೀಬ್ರಾ ಎಂಬ ಹೆಸರು ಅಂಟಿಕೊಂಡಿತು. ಆ ದೇಶದಲ್ಲಿ 2022ರ ಜನವರಿಯಿಂದ ಪಟ್ಟೆಯ ಮೇಲೆ ಕಾಲಿಟ್ಟವರಿಗಷ್ಟೇ ಅಲ್ಲ, ಅಂಚಿನಲ್ಲಿ ದಾಟಲು ಕಾಯುತ್ತಿರುವವರಿಗೂ ವಾಹನಗಳು ದಾರಿ ಬಿಡಬೇಕೆಂದು ಸಂಚಾರ ಸಂಹಿತೆಯಲ್ಲಿ ಸೇರಿಸಿದ್ದಾರೆ. ಅಲ್ಲಿರುವ ಮಗನ ಮನೆಯಲ್ಲಿ ಮೂರು ತಿಂಗಳಿದ್ದು ಬಂದ ನಮ್ಮ ಪರಿಚಿತ ದಂಪತಿಗಳು ಇದನ್ನು ಕಂಡು ಮೊದಮೊದಲು ನಾಚಿಕೊಂಡರಂತೆ. ಕಾರು ನಿಂತರೆ, ನಮಗಾಗಿ ನಿಂತದ್ದಲ್ಲವೆಂದು ಇವರೂ ನಿಲ್ಲುವುದು. ಕಾರಿನವನು ತಲೆಬಾಗಿ ಸನ್ನೆ ಮಾಡಿದ ಮೇಲೆ ಕೈಮುಗಿದು ಓಡುವುದು. "ಯಜಮಾನರ ಮುಂದೆ ಹೋದಂತಾಯಿತು" ಎಂದು ಆ ತಾಯಿ ನಗುತ್ತ ಹೇಳಿದರು. ಅವರ ಯಜಮಾನರ ಚಿಂತೆ ಬೇರೆ: ಮೂರು ತಿಂಗಳಲ್ಲಿ ಕಲಿತ ಅಭ್ಯಾಸವನ್ನು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೇ ಮರೆಯಬೇಕಲ್ಲ ಎಂದು.

ಇಲ್ಲಿ ಬಳಿದ ಪಟ್ಟೆಗಳು ಒಂದೆರಡು ಮಳೆಗಾಲಕ್ಕೆ ಮಾಸುತ್ತವೆ. ಮಾಸಿದ ಪಟ್ಟೆ ಇಲ್ಲದ ಪಟ್ಟೆಗಿಂತ ಕೆಟ್ಟದ್ದು ಎನ್ನಬಹುದು, ನಡೆಯುವವನಿಗೆ ಅದು ನೆನಪಿರುತ್ತದೆ, ಓಡಿಸುವವನಿಗೆ ಅದು ಕಾಣುವುದಿಲ್ಲ. ರಸ್ತೆಯುಬ್ಬುಗಳ ವಿಷಯವೂ ಹಾಗೆಯೇ. ಊರಿನವರು ಒಂದು ಸಾವಿನ ಸಿಟ್ಟಿನಲ್ಲಿ ರಾತ್ರೋರಾತ್ರಿ ಮಣ್ಣು-ಕಲ್ಲು ಹಾಕಿ ಎತ್ತರಿಸಿದ ದಿಬ್ಬವು, ಬಣ್ಣವಿಲ್ಲದೆ, ಮುನ್ಸೂಚನೆಯ ಫಲಕವಿಲ್ಲದೆ, ಮರುವಾರ ಬೈಕಿನಲ್ಲಿ ಹಿಂದೆ ಕುಳಿತ ಹೆಣ್ಣುಮಗಳನ್ನು ಕೆಡವುತ್ತದೆ. ಉಬ್ಬನ್ನೇ ಅಗಲವಾಗಿ, ಮೇಲೆ ಸಮತಟ್ಟಾಗಿ ಮಾಡಿ, ಅದರ ನೆತ್ತಿಯ ಮೇಲೆಯೇ ಪಟ್ಟೆ ಬಳಿದರೆ ವಾಹನವೂ ನಿಧಾನಿಸುತ್ತದೆ, ದಾಟುವವನೂ ಎತ್ತರದಲ್ಲಿ ಚಾಲಕನ ಕಣ್ಣಿಗೆ ಬೀಳುತ್ತಾನೆ. ಹೆಚ್ಚು ಖರ್ಚಿನ ಕೆಲಸವಲ್ಲ ಇದು. ಇದಕ್ಕೂ ಅಗ್ಗವಾದ ಇನ್ನೊಂದಿದೆ: ಬಸ್ಸು ನಿಲ್ಲುವ ಜಾಗವನ್ನು ದಾಟುವ ಜಾಗದಿಂದ ಸ್ವಲ್ಪ ಮುಂದಕ್ಕೆ ಒಯ್ಯುವುದು. ಆಗ ಇಳಿದವರು ಬಸ್ಸಿನ ಹಿಂದೆ, ಬರುವ ವಾಹನಗಳು ಕಾಣುವಂತೆ ದಾಟುತ್ತಾರೆ, ಮುಂದೆ ಅಲ್ಲ.

ನಮ್ಮ ಬಂಧುಗಳ ಊರಿನವರು ಸಂಬಂಧಪಟ್ಟ ಕಚೇರಿಯೊಂದಕ್ಕೆ ಇದನ್ನೇ ಅರ್ಜಿಯಲ್ಲಿ ಬರೆದರು. ನಲವತ್ತು ಸಹಿಗಳಿದ್ದವು, ಏಳು ಹೆಬ್ಬೆಟ್ಟುಗಳಿದ್ದವು. ಅಲ್ಲಿಂದ ಅರ್ಜಿಯು ಮತ್ತೊಂದು ಕಚೇರಿಗೆ ಹೋಯಿತು, ಆ ರಸ್ತೆ ತಮ್ಮ ವ್ಯಾಪ್ತಿಯದಲ್ಲವೆಂದು ಅಲ್ಲಿಂದ ಹಿಂದಿರುಗಿತು. ಹೀಗೆ ಓಡಾಡುವ ಅರ್ಜಿಗಳಿಗೆ ಒಂದು ದಾರಿಯಿದೆಯೆಂದು ಓದುಗರ ಗಮನಕ್ಕೆ ತರುತ್ತೇವೆ: ಪ್ರತಿ ಜಿಲ್ಲೆಯಲ್ಲಿಯೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ರಸ್ತೆ ಸುರಕ್ಷತಾ ಸಮಿತಿ ಇರುತ್ತದೆ; ಪೊಲೀಸ್, ಲೋಕೋಪಯೋಗಿ, ಸಾರಿಗೆ ಇಲಾಖೆಗಳವರು ಅದರಲ್ಲಿ ಒಂದೇ ಮೇಜಿನ ಸುತ್ತ ಕುಳಿತಿರುತ್ತಾರೆ. ರಸ್ತೆ ಯಾರದು ಎಂಬ ಜಗಳ ಅಲ್ಲಿಯೇ ಮುಗಿಯಬೇಕು. ಅರ್ಜಿಯನ್ನು ನೇರವಾಗಿ ಅಲ್ಲಿಗೆ ಕಳುಹಿಸಿ, ಸ್ಥಳದ ನಕ್ಷೆಯನ್ನೂ ಎರಡು ಛಾಯಾಚಿತ್ರಗಳನ್ನೂ ಅಲ್ಲಿ ಆದ ಅಪಘಾತಗಳ ದಿನಾಂಕಗಳನ್ನೂ ಲಗತ್ತಿಸುವುದು ಒಳ್ಳೆಯದು. ಗೋಳಿಗಿಂತ ದಿನಾಂಕಕ್ಕೆ ಕಚೇರಿಗಳಲ್ಲಿ ಬೆಲೆ ಹೆಚ್ಚು.

ಇನ್ನು ನಮ್ಮ ಕೈಯಲ್ಲಿಯೇ ಇರುವ ಸಂಗತಿಗಳು. ಶಿವರಾತ್ರಿಯ ಹಿಂದಿನ ವಾರ ನಮ್ಮ ಜಿಲ್ಲೆಯ ರಸ್ತೆಗಳನ್ನು ನೋಡಿದವರು ಬಲ್ಲರು. ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟವರು ಸಾಲುಸಾಲಾಗಿ ಮೂಡಿಗೆರೆ, ಕೊಟ್ಟಿಗೆಹಾರದ ಕಡೆಗೆ ನಡೆಯುತ್ತಿರುತ್ತಾರೆ. ಬಿಸಿಲಿಗೆ ಅಂಜಿ ರಾತ್ರಿಯೇ ನಡೆಯುವವರು ಹೆಚ್ಚು. ಕಪ್ಪು ಕಂಬಳಿ ಹೊದ್ದು, ರಸ್ತೆಯ ಎಡಬದಿಯಲ್ಲಿ, ಬರುವ ವಾಹನಕ್ಕೆ ಬೆನ್ನು ಕೊಟ್ಟು ನಾಮಸ್ಮರಣೆ ಮಾಡುತ್ತ ಸಾಗುತ್ತಾರೆ. ಭಕ್ತಿ ದೊಡ್ಡದು, ಆದರೆ ಲಾರಿಯ ಚಾಲಕನಿಗೆ ಕಪ್ಪು ಕಂಬಳಿ ಕಾಣುವುದಿಲ್ಲ. ಕಾಲುದಾರಿಯಿಲ್ಲದ ರಸ್ತೆಯಲ್ಲಿ ಬಲಬದಿಯಲ್ಲಿ, ಎದುರಿನ ವಾಹನ ಕಣ್ಣಿಗೆ ಕಾಣುವಂತೆ ನಡೆಯಬೇಕು. ಬಿಳಿಯ ಪಂಚೆ-ಶಲ್ಯಗಳು ನಮ್ಮಲ್ಲಿ ಇದ್ದೇ ಇವೆ, ಹೊದಿಕೆಯೂ ಬಿಳಿಯದಾಗಲಿ. ಗುಂಪಿನ ಮೊದಲಿಗನ ಕೈಯಲ್ಲಿ ಒಂದು, ಕೊನೆಯವನ ಕೈಯಲ್ಲಿ ಒಂದು ಬ್ಯಾಟರಿ ದೀಪ ಇರಲಿ; ಬೆನ್ನ ಚೀಲಕ್ಕೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿಯನ್ನು ಅಂಟಿಸಲಿ. ರಸ್ತೆ ದಾಟುವಾಗ ಒಬ್ಬೊಬ್ಬರಾಗಿ ಎಳೆದ ದಾರದಂತೆ ಹೋಗದೆ, ನಿಂತು, ಕೂಡಿಕೊಂಡು, ಒಂದೇ ಬಾರಿಗೆ ದಾಟಲಿ. 2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ ತಾಲ್ಲೂಕಿನ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯ ಮೇಲೆ ಲಾರಿ ನುಗ್ಗಿ ಹಲವು ಮಂದಿ, ಬಹುಪಾಲು ಎಳೆಯ ಹುಡುಗರು, ಪ್ರಾಣ ಕಳೆದುಕೊಂಡರು. ಆ ಮನೆಗಳ ದುಃಖದ ಮುಂದೆ ಉಪದೇಶ ಸಲ್ಲದು. ಆದರೆ ಉತ್ಸವವನ್ನು ಹೆದ್ದಾರಿಯ ಮಗ್ಗುಲಲ್ಲಿ ನಡೆಸುವ ಪ್ರತಿಯೊಂದು ಊರಿನ ಹಿರಿಯರೂ, ನಮ್ಮ ಮಠಗಳ ಜಾತ್ರೆಗಳನ್ನು ನಡೆಸುವವರೂ, ಅಂದಿನಿಂದ ರಸ್ತೆಯನ್ನು ಬೇರೆ ಕಣ್ಣಿನಿಂದ ನೋಡಲೇಬೇಕಾಗಿದೆ. ದಾಸೋಹಕ್ಕೆ ನೂರು ಮಂದಿ ಸ್ವಯಂಸೇವಕರು ಸಿಗುವ ಜಾತ್ರೆಯಲ್ಲಿ ರಸ್ತೆಯ ಎರಡು ತುದಿಗೆ ನಾಲ್ವರು ಸಿಗಲಾರರೇ? ಬಡಿಸುವ ಕೈಗೆ ಸಲ್ಲುವ ಪುಣ್ಯ ತಡೆಯುವ ಕೈಗೂ ಸಲ್ಲುತ್ತದೆಂದು ನಮ್ಮ ನಂಬಿಕೆ.

ಮಕ್ಕಳ ವಿಷಯವನ್ನು ತಾಯಂದಿರಿಗೆ ಹೇಳಬೇಕಾದ್ದಿಲ್ಲ, ಆದರೂ ಒಂದು ಮಾತು. ಎಂಟು ಹತ್ತು ವರ್ಷದ ಮಗುವಿಗೆ ವಾಹನ ಎಷ್ಟು ದೂರವಿದೆ ಎಂಬುದು ತಿಳಿದರೂ ಎಷ್ಟು ಬೇಗ ಬರುತ್ತಿದೆ ಎಂಬುದು ಸರಿಯಾಗಿ ತಿಳಿಯುವುದಿಲ್ಲ. ನಿಂತ ಕಾರಿನ ಹಿಂದೆ ಅದರ ತಲೆಯೂ ಕಾಣುವುದಿಲ್ಲ. ಬೆರಳು ಹಿಡಿದರೆ ಕೊಸರಿಕೊಂಡು ಓಡುತ್ತದೆ, ಮಣಿಕಟ್ಟನ್ನು ಹಿಡಿಯಬೇಕು. ರಸ್ತೆಯಾಚೆ ನಿಂತು ಮಗುವನ್ನು ಹೆಸರು ಹಿಡಿದು ಕರೆಯುವ ಅಭ್ಯಾಸವನ್ನಂತೂ ಬಿಟ್ಟೇಬಿಡಬೇಕು. ಕರೆದ ದನಿಯನ್ನು ಕೇಳಿದ ಮಗುವಿಗೆ ನಡುವೆ ಇರುವ ರಸ್ತೆ ಕಾಣುವುದಿಲ್ಲ, ತಾಯಿಯಷ್ಟೇ ಕಾಣುತ್ತಾಳೆ.

ಇಷ್ಟಾದರೂ ಆಗಬಾರದ್ದು ಆದರೆ ಓಡಿಹೋಗಬಾರದು, ನೋಡುತ್ತ ನಿಲ್ಲಲೂಬಾರದು. 108ಕ್ಕೆ ಅಥವಾ 112ಕ್ಕೆ ದೂರವಾಣಿ ಮಾಡಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033 ಕೂಡ ಇದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಸಾಕ್ಷಿಯಾಗೆಂದು ಬಲವಂತಪಡಿಸುವಂತಿಲ್ಲ. ಅವರಿಗೆ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ತಂದ ತಿದ್ದುಪಡಿಯು ರಕ್ಷಣೆ ಕೊಟ್ಟಿದೆ. 2025ರಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಮುಂಗಡ ಹಣ ಕಟ್ಟಬೇಕಾಗಿಲ್ಲ. ಬಡಿದ ವಾಹನ ನಿಲ್ಲದೆ ಹೋಗಿ ಗುರುತು ಸಿಗದಿದ್ದರೂ, 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವಂತೆ ಮೃತರ ಕುಟುಂಬಕ್ಕೆ ಎರಡು ಲಕ್ಷ, ತೀವ್ರವಾಗಿ ಗಾಯಗೊಂಡವರಿಗೆ ಐವತ್ತು ಸಾವಿರ ರೂಪಾಯಿ ಪರಿಹಾರ ಕೇಳುವ ಹಕ್ಕಿದೆ. ನಮ್ಮ ಎಷ್ಟೋ ಮನೆಗಳಲ್ಲಿ ಇದು ತಿಳಿಯದೆ, ವಿಧಿಯೆಂದು ಸುಮ್ಮನಾಗಿ, ಹೊಲವನ್ನು ಅಡವಿಟ್ಟು ಆಸ್ಪತ್ರೆಯ ಬಿಲ್ಲು ಕಟ್ಟಿದವರಿದ್ದಾರೆ.

ಆ ಗೇಟಿಗೆ ಮೊನ್ನೆ ನಾವು ಹೋಗಿದ್ದೆವು. ಪಟ್ಟೆ ಬಂದಿಲ್ಲ, ಉಬ್ಬೂ ಬಂದಿಲ್ಲ. ಅರ್ಜಿಯ ಎರಡನೆಯ ಪ್ರತಿಯನ್ನು ಸಮಿತಿಗೆ ಕಳುಹಿಸಿ ಸ್ವೀಕೃತಿಯ ಚೀಟಿಯನ್ನು ಇಟ್ಟುಕೊಂಡಿದ್ದಾರೆ. ಗೂಡಂಗಡಿಯವನು ತನ್ನ ಅಂಗಡಿಯ ತಂತಿಯಿಂದಲೇ ಎಳೆದು ಹೊಂಗೆಯ ಮರಕ್ಕೆ ಒಂದು ಬಲ್ಬು ಕಟ್ಟಿದ್ದಾನೆ. ಕರೆಂಟು ಇದ್ದ ಸಂಜೆ ರಸ್ತೆಯ ಅರ್ಧದವರೆಗೆ ಬೆಳಕು ಬೀಳುತ್ತದೆ. ಸಂಜೆಯ ಬಸ್ಸಿನ ಡ್ರೈವರು, ಯಾರೂ ಆಜ್ಞೆ ಮಾಡದಿದ್ದರೂ, ಫಲಕವನ್ನು ದಾಟಿ ಇಪ್ಪತ್ತು ಹೆಜ್ಜೆ ಮುಂದೆ ಹೋಗಿ ನಿಲ್ಲಿಸುತ್ತಾನೆ. ಇಳಿದವರು ಅಂಗಡಿಯ ಮುಂದೆ ಗುಂಪಾಗಿ ನಿಂತು, ಬಸ್ಸು ಹೊರಟು ಅದರ ಕೆಂಪು ದೀಪ ತಿರುವಿನಲ್ಲಿ ಮರೆಯಾದ ಮೇಲೆ, ಎರಡೂ ಕಡೆ ನೋಡಿ ಒಟ್ಟಿಗೆ ದಾಟುತ್ತಾರೆ.